ರವಿವಾರದ ಗೌಂಡಿ ಕೆಲಸ

ಗೋಡೆ ಹೊಟ್ಟೆ ಬಿಟ್ಟದ್ದನ್ನು ನಾನು ಜುಲೈ ತಿಂಗಳಲ್ಲೇ ನೋಡಿದ್ದೆ.

ಅದು 2019ನೇ ಇಸವಿ. ಹಲಗೇರಿಯ ನಮ್ಮ ಓಣಿಯ ತುದಿಯಲ್ಲಿ, ಮೂಲೆಗೆ, ಒಂದು ಹಳೆಯ ಮಣ್ಣಿನ ಮನೆ ಇತ್ತು. ಮೂಲೆಗಿದ್ದುದರಿಂದ ಅದು ಮೂಲಿಮನಿ. ಅದರಲ್ಲಿದ್ದ ಅಜ್ಜಿ ಸಣ್ಣವರು ದೊಡ್ಡವರು ಎನ್ನದೆ ಎಲ್ಲರಿಗೂ ಮೂಲಿಮನಿ ಆಯಿ. ಜೊತೆಗೆ ಒಬ್ಬ ಮೊಮ್ಮಗ, ನಾಲ್ಕನೇ ಇಯತ್ತೆ. ಆಯಿ ಹಂಗಾಮಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಉಳಿದ ದಿನ ಸಿಕ್ಕ ಕೂಲಿ.

ಒಂದು ರವಿವಾರ ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಬೈಬಲ್ ಹಿಡಿದು, ಪೇಟೆಯ ದೇವಾಲಯಕ್ಕೆ ಹೋಗುವ ಬಸ್ಸು ಹಿಡಿಯಲು ಹೊರಟಿದ್ದೆ. ಮೂಲಿಮನೆಯ ಪಕ್ಕದ ಗೋಡೆ ಹೊರಗೆ ಉಬ್ಬಿತ್ತು. ಬುಡದಲ್ಲಿ ಅಂಗೈ ಹೋಗುವಷ್ಟು ಬಿರುಕು. ‘ಇದು ಈ ಮಳೆಗಾಲ ದಾಟುವುದಿಲ್ಲ’ ಎಂದು ಮನಸ್ಸು ಹೇಳಿತು. ಬಸ್ಸಿನ ಹೊತ್ತಾಗಿತ್ತು. ಹೋದೆ. ಮುಂದಿನ ರವಿವಾರವೂ ನೋಡಿದೆ, ಹೋದೆ.

ಆಗಸ್ಟಿನ ಮೊದಲ ವಾರ ಮಳೆ ಹಿಡಿಯಿತು. ಆ ವರ್ಷದ ಮಳೆ ನಿಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಇಡೀ ಉತ್ತರ ಕರ್ನಾಟಕ ನೀರಿನಲ್ಲಿ ನಿಂತಿತ್ತು. ನಮ್ಮ ಜಿಲ್ಲೆಯಲ್ಲಿ ವರದೆಯೂ ತುಂಗಭದ್ರೆಯೂ ದಡ ಮೀರಿದವು. ನದಿಯಿಂದ ದೂರವಿದ್ದ ಊರುಗಳಲ್ಲೂ ಮಣ್ಣಿನ ಮನೆಗಳು ಒಂದೊಂದಾಗಿ ಕುಸಿದವು. ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ದೊಡ್ಡ ಮೂಟೆ ಬಿದ್ದಂತೆ ಸಪ್ಪಳವಾಯಿತು. ಬ್ಯಾಟರಿ ಹಿಡಿದು ಓಡಿದೆ.

ಗೋಡೆ ಹೊರಗೆ ಬಿದ್ದಿತ್ತು. ಒಳಗೆ ಬಿದ್ದಿದ್ದರೆ ಈ ಲೇಖನ ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ. ಆಯಿ ಮೊಮ್ಮಗನನ್ನು ಅವಚಿಕೊಂಡು ಇನ್ನೂ ಬೀಳದ ಮೂಲೆಯಲ್ಲಿ ನಿಂತಿದ್ದಳು. ಗೋಡೆಯ ಮಗ್ಗುಲಲ್ಲಿ ಕಟ್ಟಿದ್ದ ಆಡು ಮಣ್ಣಿನ ಅಡಿ ಹೋಗಿತ್ತು. ಹುಡುಗ ಆಡಿನ ಹೆಸರು ಹಿಡಿದು ಕೂಗುತ್ತಿದ್ದ.

ಮರುದಿನ ಆಯಿ ನನಗೆ ಹೇಳಿದ ಮಾತು ಒಂದೇ: “ಗ್ವಾಡಿ ಹೊಟ್ಟಿ ಬಿಟ್ಟಿತ್ತು ಅಂತ ನನಗ ತಿಳೀಲೇ ಇಲ್ಲ ನೋಡ್ರಿ ಮಾಸ್ತರ. ಒಳಗ ಇದ್ದವರಿಗೆ ಹೊರಗಿನ ಗ್ವಾಡಿ ಹೆಂಗ ಕಾಣಬೇಕು?”

ನನಗೆ ಕಂಡಿತ್ತು. ಅದನ್ನು ಅವಳಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಹೊರಗೆ ಭಕ್ತ, ಒಳಗೆ ಖಾಲಿ

ನಾನು ಯಾರೆಂದು ಹೇಳಬೇಕಲ್ಲ. ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರ. ಹುಬ್ಬಳ್ಳಿಯ ಕಡೆಯ ಕ್ರೈಸ್ತ ಮನೆತನ. ನೌಕರಿಗೆಂದು ಹಲಗೇರಿಗೆ ಬಂದವನು ಇಲ್ಲೇ ಉಳಿದೆ. ಸಂಡೇ ಸ್ಕೂಲಿನಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಯೇಸುವಿನ ಕಥೆ ಹೇಳಿದ್ದೇನೆ. ಒಬ್ಬ ಜಾಣ ಬಂಡೆಯ ಮೇಲೆ ಮನೆ ಕಟ್ಟಿದ, ಒಬ್ಬ ದಡ್ಡ ಉಸುಕಿನ ಮೇಲೆ ಕಟ್ಟಿದ, ಮಳೆ ಬಂತು, ಒಂದು ನಿಂತಿತು, ಇನ್ನೊಂದು ಬಿತ್ತು ಎಂಬ ಕಥೆಯನ್ನು ನೂರು ಸಲವಾದರೂ ಹೇಳಿರಬೇಕು.

2016ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಅಂದಿನಿಂದ ನನ್ನ ಪ್ರಾರ್ಥನೆ ನಿಂತಿತು. ದೇವಾಲಯಕ್ಕೆ ಹೋಗುತ್ತಿದ್ದೆ, ಎಲ್ಲರೊಂದಿಗೆ ಎದ್ದು ನಿಲ್ಲುತ್ತಿದ್ದೆ, ಕುಳಿತುಕೊಳ್ಳುತ್ತಿದ್ದೆ. ಬಾಯಿ ಹಾಡುತ್ತಿತ್ತು. ಒಳಗೆ ಏನೂ ಇರಲಿಲ್ಲ. ಯಾರಿಗೂ ಹೇಳಿರಲಿಲ್ಲ. ವಯಸ್ಸಾದವರು ಇಂಥದನ್ನು ಹೇಳಿಕೊಳ್ಳುವುದಿಲ್ಲ.

ಮನೆ ಪೂರ್ತಿ ಬಿದ್ದವರಿಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆದರೆ ಮೂಲಿಮನೆಯ ಕಾಗದಪತ್ರ ಆಯಿಯ ಗಂಡನ ಅಣ್ಣನ ಹೆಸರಿನಲ್ಲಿತ್ತು. ಅವರು ಸತ್ತು ಇಪ್ಪತ್ತು ವರ್ಷ. ಅವರ ಮಕ್ಕಳು ಎಲ್ಲೆಲ್ಲೋ. ಜಾಗ ಕೇಳಲು ಯಾರೂ ಬರುತ್ತಿರಲಿಲ್ಲ, ಸಹಿ ಹಾಕಲೂ ಯಾರೂ ಸಿಗುತ್ತಿರಲಿಲ್ಲ. ಕಾಗದ ಸರಿಯಾಗುವವರೆಗೆ ಹಣವಿಲ್ಲ. ಆಯಿ ಬಿದ್ದ ಮನೆಯ ಮುಂದೆಯೇ ನಾಲ್ಕು ಗೂಟ ನೆಟ್ಟು ತಾಡಪತ್ರಿ ಕಟ್ಟಿಕೊಂಡಳು. ನಮ್ಮ ಹಿತ್ತಲಿನ ಕೋಣೆಗೆ ಬಾ ಎಂದೆ. “ಒಬ್ಬರ ನೆರಳಾಗ ಎಷ್ಟ ದಿನ ಇರಾಕ ಬರತೈತ್ರಿ?” ಎಂದಳು.

ಹೊಲಿಗೆ ಹಾಕಿದ ಹಣೆ

ಅಕ್ಟೋಬರ್ ತಿಂಗಳಲ್ಲಿ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದೆ. ಒಬ್ಬ ಮುದುಕ. ಹುಬ್ಬಿನ ಮೇಲೆ ಪಟ್ಟಿ, ಕಣ್ಣಿನ ಸುತ್ತ ಕಪ್ಪಗೆ ಬಾವು. ಆದರೂ ಮನೆ ಕಟ್ಟುವ ಜಾಗದಲ್ಲಿ ನಿಂತಿದ್ದಾನೆ. ಅವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. ಆಗ ಅವರಿಗೆ 95 ವರ್ಷ. ಹಿಂದಿನ ದಿನವಷ್ಟೇ ಮನೆಯಲ್ಲಿ ಬಿದ್ದು, ಹಣೆಗೆ 14 ಹೊಲಿಗೆ ಹಾಕಿಸಿಕೊಂಡು, ನ್ಯಾಶ್‌ವಿಲ್ ಎಂಬ ಊರಿಗೆ ಬಡವರ ಮನೆ ಕಟ್ಟುವ ಕೆಲಸಕ್ಕೆ ಬಂದಿದ್ದರು.

ನನಗಾಗ 66. ಮೊಣಕಾಲು ನೋವೆಂದು ನೀರಿನ ಕೊಡ ಎತ್ತುವುದನ್ನೂ ಬಿಟ್ಟಿದ್ದೆ.

ನನ್ನ ತಮ್ಮನ ಮಗ ಪುಣೆಯಲ್ಲಿದ್ದಾನೆ. ಫೋನಿನಲ್ಲಿ ಈ ಚಿತ್ರದ ಮಾತು ತೆಗೆದೆ. “ದೊಡ್ಡಪ್ಪ, ಅವರನ್ನ ನಾನು ನೋಡೇನಿ” ಎಂದ! 2006ರಲ್ಲಿ ಕಾರ್ಟರ್ ದಂಪತಿ ಲೋನಾವಳಾ ಹತ್ತಿರದ ಮಳವಲಿಗೆ ಬಂದಿದ್ದರು. ಒಂದು ವಾರದಲ್ಲಿ ಸುಮಾರು ಎರಡು ಸಾವಿರ ಸ್ವಯಂಸೇವಕರು ಸೇರಿ ಅಲ್ಲಿ 100 ಮನೆಗಳ ಕೆಲಸ ಮಾಡಿದರು. ನಮ್ಮ ರಾಣೆಬೆನ್ನೂರಿನ ಮಗ್ಗುಲಲ್ಲಿ ಹಾದುಹೋಗುವ ಪುಣೆ ಹೆದ್ದಾರಿಯಲ್ಲೇ ಮುಂದೆ ಮುಂದೆ ಹೋದರೆ ಆ ಊರಿನ ಸಮೀಪಕ್ಕೆ ಮುಟ್ಟುತ್ತೇವೆ. ನನ್ನ ತಮ್ಮನ ಮಗನೂ ಒಂದು ದಿನ ಇಟ್ಟಂಗಿ ಹೊತ್ತಿದ್ದನಂತೆ. “82 ವರ್ಷದ ಮುದುಕ ದೊಡ್ಡಪ್ಪ, ಮಾತಾಡಾಕ ನಿಲ್ಲಲಿಲ್ಲ, ಕೆಲಸ ಮಾಡಕೋತ ಇದ್ದ” ಎಂದ.

ಹಿರಿಯರಿಗೆ ಕಾರ್ಟರ್ ನೆನಪಿರಬಹುದು. ನಮ್ಮಂತೆಯೇ ಶೇಂಗಾ ಬೆಳೆಯುವ ರೈತ. 1978ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಹರಿಯಾಣದ ಒಂದು ಹಳ್ಳಿಗೆ ಹೋಗಿದ್ದರು. ಆ ಹಳ್ಳಿಗೆ ಈಗಲೂ ಕಾರ್ಟರ್‌ಪುರಿ ಎಂದೇ ಹೆಸರು. ಅವರ ತಾಯಿ ಲಿಲಿಯನ್ ತಮ್ಮ 68ನೇ ವಯಸ್ಸಿನಲ್ಲಿ, 1966ರಲ್ಲಿ, ದಾದಿಯಾಗಿ ಸೇವೆ ಮಾಡಲು ಮುಂಬಯಿಯ ವಿಕ್ರೋಲಿಗೆ ಬಂದಿದ್ದರು. ಅಧ್ಯಕ್ಷಗಿರಿ ಮುಗಿದ ಮೇಲೆ ಕಾರ್ಟರ್ ತಮ್ಮ ಸಣ್ಣ ಊರಿಗೆ ಮರಳಿ, ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತ, ಬಡಗಿ ಕೆಲಸ ಮಾಡುತ್ತ ಉಳಿದರು. 1984ರಿಂದ ಮನೆ ಕಟ್ಟುವ ಸೇವೆಗೆ ಇಳಿದವರು 35 ವರ್ಷ ಅದನ್ನು ಬಿಡಲಿಲ್ಲ. 2024ರ ಡಿಸೆಂಬರ್ 29ರಂದು ತೀರಿಕೊಂಡಾಗ ಅವರಿಗೆ 100 ತುಂಬಿತ್ತು.

ಅವರು ಕೈಜೋಡಿಸಿದ ಸಂಸ್ಥೆಯ ಹೆಸರು ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ. ಅದರ ಹುಟ್ಟಿನ ಕಥೆ ಇನ್ನೂ ಸ್ವಾರಸ್ಯ. ಮಿಲಾರ್ಡ್ ಫುಲರ್ ಎಂಬ ಯುವಕ ಮೂವತ್ತು ತುಂಬುವ ಮೊದಲೇ ಲಕ್ಷಾಧಿಪತಿಯಾಗಿದ್ದ. ದುಡ್ಡಿನ ಹಿಂದೆ ಓಡುತ್ತ ಮನೆಯವರನ್ನೇ ಮರೆತಿದ್ದ. ಬೇಸತ್ತ ಹೆಂಡತಿ ಲಿಂಡಾ ಮನೆ ಬಿಟ್ಟು ಹೊರಟಳು. ಆಗ ಅವನಿಗೆ ಎಚ್ಚರವಾಯಿತು. 1965ರಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ಇದ್ದುದನ್ನೆಲ್ಲ ಮಾರಿ ಹಂಚಿಬಿಟ್ಟು, ಕೊಯಿನೋನಿಯಾ ಎಂಬ ತೋಟಕ್ಕೆ ಬಂದರು.

ಆ ತೋಟವನ್ನು 1942ರಲ್ಲಿ ಕಟ್ಟಿದವರು ಕ್ಲಾರೆನ್ಸ್ ಜೋರ್ಡನ್. ಬೈಬಲಿನ ಗ್ರೀಕ್ ಭಾಷೆ ಓದಿದ ಪಂಡಿತ, ಆದರೆ ನೇಗಿಲು ಹಿಡಿದವರು. ಕರಿಯರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಉಣ್ಣಬಾರದೆಂದು ಸಮಾಜ ಹೇಳುತ್ತಿದ್ದ ಕಾಲ ಅದು. ಆ ತೋಟದಲ್ಲಿ ಎಲ್ಲರೂ ಒಟ್ಟಿಗೆ ಉಂಡರು. ಅದಕ್ಕೆ ಊರವರು ಬಹಿಷ್ಕಾರ ಹಾಕಿದರು, ಗುಂಡು ಹಾರಿಸಿದರು. ಅವರು ಕದಲಲಿಲ್ಲ. ಬಡವರಿಗೆ ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವ ಆಲೋಚನೆ ಮೊಳೆತದ್ದು ಅಲ್ಲಿ. 1969ರಲ್ಲಿ ಜೋರ್ಡನ್ ತೀರಿಕೊಂಡರು. ಫುಲರ್ ದಂಪತಿ ಆ ಆಲೋಚನೆಯನ್ನು ಆಫ್ರಿಕಕ್ಕೂ ಒಯ್ದು, 1976ರಲ್ಲಿ ಸಂಸ್ಥೆ ಕಟ್ಟಿದರು. ಭಾರತದಲ್ಲಿ ಅದರ ಕೆಲಸ 1983ರಲ್ಲಿ ಖಮ್ಮಂನಲ್ಲಿ ಆರಂಭವಾಯಿತು.

ಅವರ ನಿಯಮ ಮೂರು. ಮನೆ ದಾನವಲ್ಲ. ಮನೆಯವರೂ ಕಟ್ಟುವ ಕೆಲಸಕ್ಕೆ ಇಳಿಯಬೇಕು, ತಮ್ಮ ಮನೆಗೂ, ಇನ್ನೊಬ್ಬರ ಮನೆಗೂ. ಖರ್ಚನ್ನು ಬಡ್ಡಿಯಿಲ್ಲದೆ ಸ್ವಲ್ಪಸ್ವಲ್ಪವಾಗಿ ತೀರಿಸಬೇಕು, ಆ ಹಣದಿಂದ ಮುಂದಿನ ಮನೆ ಏಳಬೇಕು.

ಇದನ್ನು ಆಯಿಗೆ ವಿವರಿಸಿ ಹೇಳಿದೆ. ಅವಳು ನಕ್ಕಳು. “ಇದಕ್ಕ ಅಮೇರಿಕಾತನಕ ಯಾಕ ಹೋಗಬೇಕ್ರಿ ಮಾಸ್ತರ? ಇದು ಮುಯ್ಯಿ ಅಲ್ಲೇನು?”

ಹೌದಲ್ಲ! ನನ್ನ ಹೊಲಕ್ಕೆ ಇಂದು ನೀನು ಬಾ, ನಿನ್ನ ಹೊಲಕ್ಕೆ ನಾಳೆ ನಾನು ಬರುತ್ತೇನೆ. ಕೂಲಿಯಿಲ್ಲ, ಲೆಕ್ಕ ಮಾತ್ರ ಉಂಟು. ನಮ್ಮ ಹಿರಿಯರು ಬಿತ್ತನೆ, ಕಳೆ, ಸುಗ್ಗಿ ಎಲ್ಲವನ್ನೂ ಮುಯ್ಯಾಳಿನಿಂದಲೇ ಮಾಡಿದವರು.

“ಹಂಗಾದ್ರ ಮುಯ್ಯಿ ಹಾಕೂಣು” ಎಂದೆ. “ಮೊದಲ ಆಳು ನಾನು.”

ಗರಸು ಸಿಗುವ ತನಕ

ಓಣಿಯಲ್ಲಿ ಒಬ್ಬ ಗೌಂಡಿ ಇದ್ದಾರೆ. ನಾವೆಲ್ಲ ಗೌಂಡಿ ಚಾಚಾ ಎನ್ನುತ್ತೇವೆ. ಅವರ ಮಕ್ಕಳಿಗೆ ಅಕ್ಷರ ಕಲಿಸಿದವನು ನಾನು. ಹೋಗಿ ಕೇಳಿದೆ. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶುಕ್ರವಾರ ನಂದು ನಮಾಜು, ರವಿವಾರ ನಿಮ್ದು ಪ್ರಾರ್ಥನಾ. ಯಾವ ವಾರ ಮಾಡೂಣ್ರಿ?” ಎಂದರು.

ಶಾಲೆ ಕಾಲೇಜಿನ ಹುಡುಗರಿಗೆ, ನೌಕರಿಯವರಿಗೆ ಸಿಗುವುದು ರವಿವಾರ ಒಂದೇ. ಆದರೆ ಅದು ನನ್ನ ಆರಾಧನೆಯ ದಿನ. ಒಳಗೆ ಖಾಲಿಯಾಗಿದ್ದರೂ ಒಂದು ರವಿವಾರ ತಪ್ಪಿಸಿದವನಲ್ಲ. ಸಭಾಪಾಲಕರ ಹತ್ತಿರ ಹೋಗಿ ಅಳುಕುತ್ತ ಕೇಳಿದೆ. ಅವರು ಕೇಳಿದ್ದು ಇಷ್ಟೇ: “ಕುರಿ ಬಾವಿಗೆ ಬಿದ್ದರ ವಾರ ನೋಡ್ತೀರೇನು ಮಾಸ್ತರ?” ಸಬ್ಬತ್ ದಿನದಂದು ಯೇಸು ಜನರಿಗೆ ಹಾಕಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ನಾನೇ ಪಾಠ ಮಾಡಿದ ಕಥೆ ನನಗೇ ಮರೆತಿತ್ತು.

ದೀಪಾವಳಿ ಕಳೆದು, ನವೆಂಬರ್ 3ರ ರವಿವಾರ ಪಾಯಾ ತೆಗೆಯಲು ನಿಂತೆವು. ನಾನು, ಚಾಚಾ, ಚಹಾದಂಗಡಿಯ ಹುಡುಗ, ನಿವೃತ್ತ ಕಂಡಕ್ಟರ್ ಒಬ್ಬರು, ಹೈಸ್ಕೂಲಿನ ಆರು ಮಕ್ಕಳು, ಸಂಘದ ನಾಲ್ವರು ಹೆಣ್ಣುಮಕ್ಕಳು. ಆಯಿ ಬುಟ್ಟಿ ಹಿಡಿದು ಎಲ್ಲರಿಗಿಂತ ಮೊದಲೇ ನಿಂತಿದ್ದಳು.

ಒಂದೂವರೆ ಅಡಿ ಅಗೆದ ಮೇಲೆ ನನ್ನ ಕೈ ಬೊಬ್ಬೆ ಬಂದಿತ್ತು. “ಸಾಕಲ್ಲ ಚಾಚಾ?” ಎಂದೆ.

“ಇದು ಎರಿ ಮಣ್ಣು ಮಾಸ್ತರ. ನೀರು ಕುಡಿದರ ಉಬ್ಬತೈತಿ, ಒಣಗಿದರ ಬಿರಿತೈತಿ. ಗ್ವಾಡಿ ಬಿದ್ದದ್ದು ಅದಕ್ಕ. ಗರಸು ಸಿಗೋತನಕ ಅಗೀಬೇಕು.”

ಮೂರನೇ ಅಡಿ ದಾಟಿದ ಮೇಲೆ ಗುದ್ದಲಿ ಖಣ್ ಎಂದಿತು. ಕೆಂಪು ಗರಸು. ಚಾಚಾ ಕಾಲಿನಿಂದ ತುಳಿದು ನೋಡಿ, “ಈಗ ಕಟ್ಟರಿ” ಎಂದರು.

ನಾನು ಕುಣಿಯೊಳಗೆ ಹಾಗೆಯೇ ನಿಂತೆ. ನೂರು ಸಲ ಹೇಳಿದ ಆ ಬಂಡೆಯ ಕಥೆ ಅಂದು ನನ್ನ ಅಂಗಾಲಿಗೆ ತಾಗಿತು. ಆ ಕಥೆಯಲ್ಲಿ ಯೇಸು ಹೇಳುವ ವ್ಯತ್ಯಾಸ ಒಂದೇ. ಇಬ್ಬರೂ ಮಾತು ಕೇಳಿದವರೇ. ಒಬ್ಬ ಕೇಳಿ ಮಾಡಿದ, ಇನ್ನೊಬ್ಬ ಕೇಳಿ ಬಿಟ್ಟ. ಬಸ್ಸಿಗೆ ಹೊತ್ತಾಯಿತೆಂದು ಗೋಡೆ ನೋಡಿಕೊಂಡೇ ಹೋದವನು ಯಾವ ಗುಂಪಿನವನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಊಟದ ಹೊತ್ತಿಗೆ ಆಯಿಯ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಜುಲೈಯಲ್ಲೇ ನೋಡಿದ್ದೆ ಎಂದೆ. ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, “ಹೇಳಬೇಕಿತ್ತ್ರಿ” ಎಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು. ಆದರೂ ಆ ರಾತ್ರಿ, ಮೂರು ವರ್ಷದ ಮೇಲೆ ಮೊದಲ ಸಲ, ನಾನು ಮಂಡಿಯೂರಿದೆ. ‘ತಪ್ಪಾಯಿತು’ ಎನ್ನುವುದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ.

ಮಕ್ಕಳು ಕಲಿತದ್ದು, ನಾನೂ ಕಲಿತದ್ದು

ಮನೆ ಕಟ್ಟುವುದು ಎಂಥ ದೊಡ್ಡ ಶಾಲೆ ಎಂದು ನನಗೆ ಗೊತ್ತಿರಲಿಲ್ಲ.

ಮಟ್ಟ ನೋಡುವುದು ಹೇಗೆ? ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಈ ಮೂಲೆಗೆ, ಇನ್ನೊಂದು ತುದಿ ಆ ಮೂಲೆಗೆ ಹಿಡಿಯಬೇಕು. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿದರೆ ಆಯಿತು. ಪೈಪಿನೊಳಗೆ ಗಾಳಿಗುಳ್ಳೆ ಇದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಗೋಡೆ ನೆಟ್ಟಗೆ ಇದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಕದ ಗುಂಡು. ಆಯಿಯ ಮೊಮ್ಮಗ ಅದನ್ನು ಕೈಬಿಡುತ್ತಲೇ ಇರಲಿಲ್ಲ. ಇಟ್ಟಂಗಿಯನ್ನು ಕಟ್ಟುವ ಮೊದಲು ನೀರಿನಲ್ಲಿ ನೆನೆಸಬೇಕು. ಇಲ್ಲದಿದ್ದರೆ ಅದು ಗಾರೆಯ ನೀರನ್ನೇ ಹೀರಿಬಿಡುತ್ತದೆ, ಗಾರೆ ಗಟ್ಟಿಯಾಗುವುದಿಲ್ಲ. ಕಟ್ಟಿದ ಗೋಡೆಗೆ ಕನಿಷ್ಠ ಒಂದು ವಾರ ನೀರುಣಿಸಬೇಕು. ಈ ಕೆಲಸ ಮಕ್ಕಳದ್ದು. ಶಾಲೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಒಂದು ದಿನವೂ ತಪ್ಪಿಸಲಿಲ್ಲ.

ಇಟ್ಟಂಗಿ ಸಾಲದೆ ಬಂದಾಗ ಚಾಚಾ ಒಂದು ಉಪಾಯ ಮಾಡಿದರು. ಇಟ್ಟಂಗಿಯನ್ನು ಮಲಗಿಸುವ ಬದಲು ಮಗ್ಗುಲಾಗಿ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವುದು. ಸುಮಾರು ಕಾಲು ಭಾಗ ಇಟ್ಟಂಗಿ ಉಳಿಯುತ್ತದೆ, ನಡುವಿನ ಗಾಳಿ ಬಿಸಿಲನ್ನು ತಡೆಯುವುದರಿಂದ ಮನೆ ತಂಪು. ಇದನ್ನು ನಮ್ಮ ದೇಶದಲ್ಲಿ ಮನೆಮಾತು ಮಾಡಿದವರು ಲಾರಿ ಬೇಕರ್. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬೇಕರ್ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಯುದ್ಧದ ಕಾಲದಲ್ಲಿ ಬಂದೂಕು ಹಿಡಿಯದೆ ಚೀನಾದಲ್ಲಿ ರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವ ಹಡಗಿಗಾಗಿ ಮುಂಬಯಿಯಲ್ಲಿ ಕಾಯುತ್ತಿದ್ದಾಗ ಗಾಂಧೀಜಿಯ ಭೇಟಿಯಾಯಿತು. ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯೊಳಗೆ ಸಿಗುವಂಥದ್ದಾಗಿರಬೇಕು ಎಂಬ ಗಾಂಧೀಜಿಯ ಮಾತು ಅವರ ಬದುಕನ್ನೇ ತಿರುಗಿಸಿತು. ಮುಂದೆ ಕೇರಳದಲ್ಲಿ ನೆಲೆಸಿ, ಬಡವರಿಗಾಗಿ ಕಡಿಮೆ ಖರ್ಚಿನ ಚೆಂದದ ಮನೆಗಳನ್ನು ಕಟ್ಟಿದರು. 1990ರಲ್ಲಿ ಪದ್ಮಶ್ರೀ ಪಡೆದರು. 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಐದು ಮೈಲಿಯ ನಿಯಮವನ್ನು ನಾವೂ ಹಿಡಿದೆವು. ಪಾಯಾಕ್ಕೆ ಬಿದ್ದ ಮನೆಯದೇ ಕಲ್ಲು. ಬಾಗಿಲಿನ ಚೌಕಟ್ಟು ಹಳೆಯದೇ. ತೊಲೆಗಳಲ್ಲಿ ಗಟ್ಟಿ ಇದ್ದವನ್ನು ಆರಿಸಿಕೊಂಡೆವು. ಸಿಮೆಂಟು, ಕಬ್ಬಿಣ ಮಾತ್ರ ಪೇಟೆಯಿಂದ. ಅದಕ್ಕೆ ನನ್ನ ಪಿಂಚಣಿಯ ಉಳಿಕೆ, ಓಣಿಯವರ ಪಟ್ಟಿಯ ಹಣ.

ಗಾಳಿಮಾತು

ಎಲ್ಲ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೋಡೆ ಎದೆಮಟ್ಟಕ್ಕೆ ಬಂದಾಗ ಒಂದು ಮಾತು ಹಬ್ಬಿತು: “ಮಾಸ್ತರ ಸುಮ್ಮನ ಕಟ್ಟಿಕೊಡ್ತಾರೇನು? ಮುದುಕೀನ್ನ ತಮ್ಮ ಜಾತಿಗೆ ಸೇರಿಸ್ಕೊಳ್ಳಾಕ.” ಮುಂದಿನ ರವಿವಾರ ಇಬ್ಬರು ಹುಡುಗರನ್ನು ಅವರ ಮನೆಯವರು ಕಳಿಸಲಿಲ್ಲ.

ನನಗೆ ನೋವಾಯಿತು. ಕೆಲಸ ಬಿಟ್ಟುಬಿಡೋಣ ಎನಿಸಿತು. ಆಮೇಲೆ ಯೋಚಿಸಿದೆ. ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಪುಕ್ಕಟೆ ಕೊಟ್ಟವನು ಏನು ಕೇಳುತ್ತಾನೋ ಎಂದು ಬಡವರು ಹೆದರುವುದು ಸಹಜ. ಓಣಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗ ಹೋಗಿ ನಿಂತು ಹೇಳಿದೆ: “ಈ ಮನಿಗೆ ನಾ ಶಿಲುಬೆ ಹಾಕೂದಿಲ್ಲ. ಆಯಿ ತನ್ನ ದೇವರ ಜಗಲಿ ತಾನು ಎಲ್ಲಿ ಬೇಕೋ ಅಲ್ಲಿ ಮಾಡ್ಕೋತಾಳ. ನಾ ಕಟ್ಟೂದು ನನ್ನ ದೇವರ ಮಾತು ಕೇಳಿ. ಅದರ ಬಾಡಗಿ ಆಯಿ ಕೊಡಬೇಕಾಗಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಎರಡು ವಾರದ ಮೇಲೆ ಆ ಹುಡುಗರು ಬಂದರು. ಒಬ್ಬನ ಅಪ್ಪನೂ ಸಲಿಕೆ ಹಿಡಿದು ಬಂದ.

ಡಿಸೆಂಬರ್ 22ರಂದು, ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ, ಬೆಳಗಿನ ಆರಾಧನೆ ಮುಗಿಸಿ ಸಭಾಪಾಲಕರೇ ಹನ್ನೆರಡು ಜನರೊಂದಿಗೆ ಬಂದಿಳಿದರು. “ಈ ವರ್ಷ ದೇವಾಲಯದಾಗ ಗೋದಲಿ ಸಣ್ಣದು ಮಾಡೂಣು, ಇಲ್ಲಿ ದೊಡ್ಡದು ಕಟ್ಟೂಣು” ಎಂದರು. ಇರಲು ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹಬ್ಬಕ್ಕೆ ಇದಕ್ಕಿಂತ ತಕ್ಕ ತಯಾರಿ ನಾನು ಕಂಡಿಲ್ಲ.

ಹಂಚಿನ ಮೇಲಿನ ಅಕ್ಷರ

ಫೆಬ್ರವರಿಯಲ್ಲಿ ಮಾಡಿನ ಕೆಲಸ. ಹಳೆಯ ಮಣ್ಣಿನ ಮಾಳಿಗೆ ಬೇಡವೆಂದು ಚಾಚಾ ಮೊದಲೇ ಹೇಳಿದ್ದರು. ಮಳೆ ಹಿಡಿದರೆ ಅದು ನೀರು ಕುಡಿದು ಭಾರವಾಗಿ ಗೋಡೆಯನ್ನು ಒತ್ತುತ್ತದೆ. ಪಕ್ಕದೂರಿನಲ್ಲಿ ಒಂದು ಹಳೆಯ ಕಟ್ಟಡ ಕೆಡವಿ ಮಂಗಳೂರು ಹಂಚುಗಳನ್ನು ರಾಶಿ ಹಾಕಿದ್ದರು. ಕೇಳಿದೆವು, ಕೊಟ್ಟರು. ಮಕ್ಕಳು ತೆಂಗಿನ ನಾರಿನಿಂದ ತಿಕ್ಕಿ ತೊಳೆಯತೊಡಗಿದರು.

“ಸರ್, ಇದರ ಮ್ಯಾಲ ಇಂಗ್ಲಿಷ್ ಬರದೈತ್ರಿ!” ಒಬ್ಬಳು ಹಂಚನ್ನು ತಿರುವಿ ತಂದಳು. ಪಾಚಿಯ ಅಡಿಯಿಂದ ಅಕ್ಷರ ಎದ್ದಿದ್ದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ನನ್ನ ಕೈ ನಡುಗಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್, 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಇವರೆಲ್ಲ ಆ ಮಿಷನ್ನಿಗೆ ಸೇರಿ ಬಂದವರೇ. ಹೊಸ ಮತಕ್ಕೆ ಸೇರಿದವರಿಗೆ ತಮ್ಮ ಹಳೆಯ ಕಸುಬು, ನೆಲೆ ತಪ್ಪುತ್ತಿತ್ತು. ಅಂಥವರಿಗೆ ದುಡಿಮೆ ಕೊಡಲು ಮಿಷನ್ನು ನೇಯ್ಗೆ, ಮುದ್ರಣ, ಹಂಚಿನ ಕಾರ್ಖಾನೆಗಳನ್ನು ತೆರೆಯಿತು. ಮೊದಲ ಹಂಚಿನ ಕಾರ್ಖಾನೆ 1865ರಲ್ಲಿ ಮಂಗಳೂರಿನಲ್ಲಿ ಪ್ಲೆಬ್ಸ್ಟ್ ಎಂಬವರಿಂದ ಆಯಿತು. ಹಂಚಿನ ಮೇಲಿನ ಇಸವಿ ಆ ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ.

ನನ್ನ ಮುತ್ತಜ್ಜ ಅಂಥ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಅವರ ಮಗ ಅಕ್ಷರ ಕಲಿತು ಹುಬ್ಬಳ್ಳಿಗೆ ಬಂದರು. ಈ ಹಂಚಿನ ಮಣ್ಣನ್ನು ತುಳಿದದ್ದು ಅವರೇ ಎಂದು ನಾನು ಹೇಳಲಾರೆ. ಆದರೆ ನೆಲೆ ತಪ್ಪಿದ ಒಬ್ಬ ಮನುಷ್ಯ ಇನ್ನೊಬ್ಬರ ತಲೆಯ ಮೇಲಿನ ನೆರಳಿಗೆ ಮಣ್ಣು ತುಳಿದ, ಅದರಿಂದ ನಮ್ಮ ಮನೆತನ ನಿಂತಿತು. ನನ್ನ ವಿಶ್ವಾಸ ಪುಸ್ತಕದಿಂದ ಬಂದದ್ದೆಂದು ತಿಳಿದಿದ್ದೆ. ಅದರ ಬುಡದಲ್ಲಿ ಮಣ್ಣು ಮೆತ್ತಿದ ಕಾಲುಗಳಿದ್ದವು.

ಆ ಹಂಚನ್ನು ಬಾಗಿಲಿನ ಮೇಲಿನ ಸಾಲಿನಲ್ಲಿ ಇಟ್ಟೆವು. ಅಕ್ಷರ ಮೇಲೆ ಬರುವಂತೆ ಅಲ್ಲ, ನೀರು ಸರಿಯಾಗಿ ಹರಿಯುವಂತೆ.

ಇಬ್ಬರೂ ಬೇಕು

ಹದಿನೆಂಟು ರವಿವಾರಗಳ ಮೇಲೆ ಮನೆ ಆಯಿತು. ಎರಡು ಕೋಣೆ, ಮುಂದೆ ಒಂದು ಪಡಸಾಲೆ. 2020ರ ಮಾರ್ಚ್ 8, ರವಿವಾರ. ಅದು ಮೈಲಾರಲಿಂಗನ ವಾರ. ಆಯಿಯ ಮನೆದೇವರು ದೇವರಗುಡ್ಡದ ಮಾಲತೇಶ. ಒಲೆಯ ಮೇಲೆ ಹಾಲು ಉಕ್ಕಿಸಿದಳು, ಜಗಲಿಗೆ ಭಂಡಾರ ಹಚ್ಚಿದಳು, ಎಲ್ಲರಿಗೂ ಹೋಳಿಗೆ ಬಡಿಸಿದಳು. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಆಯಿ ಒಳಗಿನಿಂದ ಕೂಗಿದಳು:

“ಮಾಸ್ತರ, ನಿಮ್ಮ ದೇವರಿಗೂ ಒಂದ ಮಾತು ಹೇಳ್ರಿ. ಮಳಿ ಬಂದಾಗ ಇಬ್ರೂ ಬೇಕು!”

ಎಲ್ಲರೂ ನಕ್ಕರು. ನಾನು ಎದ್ದು ನಿಂತು ಕಣ್ಣು ಮುಚ್ಚಿದೆ. ಬಾಯಿಪಾಠದ ಪ್ರಾರ್ಥನೆಗಳು ಬೇಕಾದಷ್ಟು ಇದ್ದವು. ಯಾವುದನ್ನೂ ಹೇಳಲಿಲ್ಲ. ‘ಈ ಮನೆಯನ್ನು ಕಾಯಿ, ನನ್ನ ಕಣ್ಣನ್ನೂ ಕಾಯಿ’ ಎಂದೆ. ಕೇಳುವವನೊಬ್ಬ ಇದ್ದಾನೆ ಎನ್ನಿಸಿತು. ಹೆಂಡತಿ ಹೋದ ಮೇಲೆ ಹಾಗೆ ಅನ್ನಿಸಿದ್ದು ಅಂದೇ ಮೊದಲು.

ಅದಾದ ಹದಿನೇಳನೇ ದಿನಕ್ಕೆ, ಮಾರ್ಚ್ 25ರಿಂದ, ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕೊರೊನಾ. ರೇಡಿಯೋ, ಟಿವಿ, ಡಂಗುರ ಎಲ್ಲದರಲ್ಲೂ ಒಂದೇ ಮಾತು: ಮನೆಯಲ್ಲೇ ಇರಿ. ನಾನು ಕಿಟಕಿಯಿಂದ ಮೂಲಿಮನೆಯ ಕಡೆ ನೋಡಿದೆ. ಹಂಚಿನ ಸಂದಿಯಿಂದ ಒಲೆಯ ಹೊಗೆ ಏಳುತ್ತಿತ್ತು. ಮನೆಯಲ್ಲೇ ಇರಿ ಎಂದರೆ, ಇರಲು ಮೊದಲು ಮನೆ ಬೇಕಲ್ಲವೇ?

ಆಯಿ ಮುಯ್ಯಿ ಮರೆಯಲಿಲ್ಲ. ಕೂಲಿ ಮತ್ತೆ ಸಿಗತೊಡಗಿದ ಮೇಲೆ ಪ್ರತಿ ಶನಿವಾರ ಸಂತೆಯಿಂದ ಬಂದು ನಮ್ಮ ಮನೆಯ ಹಳೆಯ ಬಿಸ್ಕತ್ತಿನ ಡಬ್ಬಿಗೆ 50 ರೂಪಾಯಿ ಹಾಕುತ್ತಿದ್ದಳು. ಬೇಡವೆಂದರೆ, “ನಿಮಗಲ್ಲ, ಮುಂದಿನ ಮನಿಗೆ” ಎನ್ನುತ್ತಿದ್ದಳು. 2022ರಲ್ಲಿ ಹಿಂದಿನ ಓಣಿಯಲ್ಲಿ ಇನ್ನೊಂದು ಮನೆಯ ಗೋಡೆ ಕಟ್ಟಿದೆವು. ಅದರ ಬಾಗಿಲಿನ ಹಣ ಆ ಡಬ್ಬಿಯದು. ಆ ಗೋಡೆಗೆ ತೂಕದ ಗುಂಡು ಬಿಟ್ಟು ನೋಡಿದವನು ಆಯಿಯ ಮೊಮ್ಮಗ. “ಅರ್ಧ ಬಟ್ಟು ಹೊರಗ ಐತ್ರಿ ಚಾಚಾ” ಎಂದ. ಚಾಚಾ ಬಗ್ಗಿ ನೋಡಿದರು. ಹುಡುಗ ಹೇಳಿದ್ದು ಸರಿಯಿತ್ತು.

ಈಗಲೂ ರವಿವಾರ ಬಸ್ಸಿಗೆ ಹೋಗುತ್ತೇನೆ. ಆದರೆ ಅರ್ಧ ಗಂಟೆ ಮೊದಲೇ ಹೊರಡುತ್ತೇನೆ, ಓಣಿಯ ಗೋಡೆಗಳನ್ನು ನೋಡುತ್ತ. ಮಕ್ಕಳೇ, ನೀವೂ ನೋಡಿ. ಗೋಡೆ ಹೊಟ್ಟೆ ಬಿಟ್ಟಿದೆಯೇ? ನಾಣ್ಯ ಹೋಗುವಷ್ಟು ಬಿರುಕಿದೆಯೇ? ಹಿಂದೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಈಗ ಹಿಡಿಯುತ್ತಿದೆಯೇ? ಬುಡದಲ್ಲಿ ನೀರು ನಿಂತು ಮಣ್ಣು ಉದುರುತ್ತಿದೆಯೇ? ಇದ್ದರೆ ಹತ್ತಿರ ಹೋಗಬೇಡಿ, ಆದರೆ ಸುಮ್ಮನೂ ಇರಬೇಡಿ. ಅಜ್ಜನಿಗೆ ಹೇಳಿ, ಮಾಸ್ತರಿಗೆ ಹೇಳಿ, ಆ ಮನೆಯವರಿಗೆ ಹೇಳಿ. ಒಳಗಿದ್ದವರಿಗೆ ಹೊರಗಿನ ಗೋಡೆ ಕಾಣುವುದಿಲ್ಲ.